ಮಂದ್ರದ ಸ್ಪೀಕರ್ ಕೆಟ್ಟಾಗ: ದುರಸ್ತಿಯೋ, ಹೊಸದೋ?

ಬೇಸ್ ಗಿಟಾರಿನ ಆಂಪ್ಲಿಫೈಯರಿಗೆ ಜೋಡಿಸಿದ ಸ್ಪೀಕರು ಸಾಮಾನ್ಯವಾಗಿ ಒಂದೇ ಏಟಿಗೆ ಮೂಕವಾಗುವುದಿಲ್ಲ. ಮೊದಲು ಯಾವುದೋ ಒಂದು ತಗ್ಗು ಸ್ವರದಲ್ಲಿ ಮಾತ್ರ ಅದು ಗೊರಗುಟ್ಟುತ್ತದೆ. ಕೆಲವು ದಿನಗಳಲ್ಲಿ ಆ ಗೊರಗು ಅಕ್ಕಪಕ್ಕದ ಸ್ವರಗಳಿಗೂ ಹಬ್ಬುತ್ತದೆ. ಕಡೆಗೊಂದು ಸಂಜೆ, ಕಾರ್ಯಕ್ರಮದ ನಡುವೆಯೇ, ಸದ್ದು ನಿಂತುಹೋಗುತ್ತದೆ. ಆಗ ವಾದಕನ ಮುಂದೆ ಏಳುವ ಪ್ರಶ್ನೆ ಒಂದೇ: ಇದನ್ನು ದುರಸ್ತಿ ಮಾಡಿಸಬೇಕೇ, ಅಥವಾ ಕಳಚಿಹಾಕಿ ಹೊಸದನ್ನು ಕೂರಿಸಬೇಕೇ?

ಇದು ಬರಿಯ ಹಣದ ಲೆಕ್ಕವೆಂದು ತೋರಬಹುದು. ಆದರೆ ತುಂಡಾದ ಒಂದು ಎಳೆ ತಂತಿಗಾಗಿ ಒಳ್ಳೆಯ ಸ್ಪೀಕರನ್ನು ಗುಜರಿಗೆ ಹಾಕುವವರುಂಟು. ಅಯಸ್ಕಾಂತವೇ ಜರುಗಿಹೋದ ಸ್ಪೀಕರಿಗೆ ಹೊಸ ಕೋನ್ ಹಾಕಿಸಿ ಹಣ ಕಳೆದುಕೊಳ್ಳುವವರುಂಟು. ದೋಷವಿರುವುದು ಆಂಪ್ಲಿಫೈಯರಿನಲ್ಲಿ ಎಂಬುದನ್ನರಿಯದೆ ಹೊಸ ಸ್ಪೀಕರನ್ನೂ ಅದೇ ಬೆಂಕಿಗೆ ಒಪ್ಪಿಸುವವರೂ ಉಂಟು. ಸ್ಪೀಕರು ಹೇಗೆ ದುಡಿಯುತ್ತದೆ, ಹೇಗೆ ಸಾಯುತ್ತದೆ ಎಂಬುದನ್ನು ತಿಳಿದುಕೊಂಡರೆ ಈ ಮೂರು ನಷ್ಟಗಳನ್ನೂ ತಪ್ಪಿಸಬಹುದು.

ಮಂದ್ರಸ್ವರದ ಹೊರೆ

ಅಮೆರಿಕದ ಲಿಯೊ ಫೆಂಡರ್ ೧೯೫೧ರಲ್ಲಿ ‘ಪ್ರಿಸಿಷನ್ ಬೇಸ್’ ಎಂಬ ವಿದ್ಯುತ್ ಬೇಸ್ ಗಿಟಾರನ್ನು ಮಾರುಕಟ್ಟೆಗೆ ತಂದರು. ಅದರ ದನಿಯನ್ನು ಹೊರಲು ಸಾಮಾನ್ಯ ಗಿಟಾರಿನ ಆಂಪ್ಲಿಫೈಯರ್ ಸಾಲದೆಂದು, ಮರುವರ್ಷವೇ ಹದಿನೈದು ಅಂಗುಲದ ಒಂದು ಸ್ಪೀಕರುಳ್ಳ ‘ಬಾಸ್‌ಮನ್’ ಬಂತು. ೧೯೫೫ರ ಹೊತ್ತಿಗೆ ಅದೇ ಆಂಪ್ಲಿಫೈಯರಿನಲ್ಲಿ ಹತ್ತು ಅಂಗುಲದ ನಾಲ್ಕು ಸ್ಪೀಕರುಗಳು ಕುಳಿತಿದ್ದುವು. ೧೯೬೯ರಲ್ಲಿ ಬಂದ ಆಂಪೆಗ್ ಸಂಸ್ಥೆಯ ‘ಎಸ್.ವಿ.ಟಿ.’ ಮುನ್ನೂರು ವ್ಯಾಟ್ ಶಕ್ತಿಯದು. ಅದಕ್ಕೆ ಹತ್ತು ಅಂಗುಲದ ಎಂಟೆಂಟು ಸ್ಪೀಕರುಗಳ ದೊಡ್ಡ ಪೆಟ್ಟಿಗೆಗಳೇ ಬೇಕಾದುವು. ಹದಿನೆಂಟು ವರ್ಷಗಳಲ್ಲಿ ಹೊರೆ ಹೀಗೆ ಬೆಳೆಯಲು ಕಾರಣವೇನು?

ಬೇಸ್ ಗಿಟಾರಿನ ಅತಿ ತಗ್ಗಿನ ತಂತಿ ಸೆಕೆಂಡಿಗೆ ಸುಮಾರು ೪೧ ಸಲ ಕಂಪಿಸುತ್ತದೆ. ಸಾಮಾನ್ಯ ಗಿಟಾರಿನ ಅತಿ ತಗ್ಗಿನ ತಂತಿ ಸುಮಾರು ೮೨ ಸಲ. ಎಂದರೆ ಎರಡಕ್ಕೂ ಸರಿಯಾಗಿ ಒಂದು ಸ್ಥಾಯಿಯ ಅಂತರ. ಒಂದೇ ಸ್ಪೀಕರಿನಿಂದ ಅಷ್ಟೇ ತೀವ್ರತೆಯ ಧ್ವನಿ ಹೊರಡಬೇಕಾದರೆ, ಸ್ವರ ಒಂದು ಸ್ಥಾಯಿ ಇಳಿದಾಗ ಅದರ ಕೋನು ನಾಲ್ಕು ಪಟ್ಟು ದೂರ ಚಲಿಸಬೇಕು. ಮೇಲಿನ ಸ್ವರಕ್ಕೆ ಒಂದು ಮಿಲಿಮೀಟರ್ ಆಡಿದರೆ ಸಾಕಾಗುವ ಕೋನು ಕೆಳಗಿನ ಸ್ವರಕ್ಕೆ ನಾಲ್ಕು ಮಿಲಿಮೀಟರ್ ಆಡಬೇಕು. ಐದು ತಂತಿಗಳ ಬೇಸ್ ಗಿಟಾರಿನಲ್ಲಿ ಕೆಳಗಿನ ತಂತಿ ೩೧ ಕಂಪನಗಳಿಗೇ ಇಳಿಯುವುದರಿಂದ ಅಲ್ಲಿ ಈ ಚಲನೆ ಇನ್ನೂ ದೊಡ್ಡದು. ಬೇಸ್ ಸ್ಪೀಕರಿನ ಬಾಳು ಇತರ ಸ್ಪೀಕರುಗಳ ಬಾಳಿಗಿಂತ ಕಷ್ಟದ್ದಾಗಿರುವುದು ಈ ಕಾರಣದಿಂದ.

ಸ್ಪೀಕರಿನ ಒಳಗೆ

ಇಂದು ನಾವು ಬಳಸುವ ಕೋನಿನ ಸ್ಪೀಕರಿಗೆ ಬುನಾದಿ ಹಾಕಿದವರು ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್. ೧೯೨೫ರಲ್ಲಿ ಅವರು ಪ್ರಕಟಿಸಿದ ತತ್ತ್ವವೇ ಇಂದಿಗೂ ನಡೆದುಬಂದಿದೆ. ಬಲವಾದ ಅಯಸ್ಕಾಂತವೊಂದರ ಧ್ರುವಗಳ ನಡುವೆ ಉಂಗುರದಾಕಾರದ ಕಿರಿದಾದ ಸಂದು. ಆ ಸಂದಿನಲ್ಲಿ, ಎರಡು ಗೋಡೆಗಳನ್ನೂ ಮುಟ್ಟದಂತೆ, ತೆಳುವಾದ ಕೊಳವೆಯ ಮೇಲೆ ಸುತ್ತಿದ ತಂತಿಯ ಸುರುಳಿ. ಇದಕ್ಕೆ ವಾಯ್ಸ್ ಕಾಯಿಲ್ ಎಂದು ಹೆಸರು. ಸುರುಳಿಯಲ್ಲಿ ವಿದ್ಯುತ್ತು ಹರಿದಾಗ ಅದು ಹಿಂದಕ್ಕೂ ಮುಂದಕ್ಕೂ ಆಡುತ್ತದೆ. ತನಗೆ ಅಂಟಿಸಿದ ಕಾಗದದ ಕೋನನ್ನೂ ಆಡಿಸುತ್ತದೆ. ಕೋನು ಗಾಳಿಯನ್ನು ನೂಕುತ್ತದೆ.

ಸುರುಳಿಯನ್ನು ಸಂದಿನ ನಟ್ಟನಡುವೆ ಹಿಡಿದಿಡುವುದು ಸ್ಪೈಡರ್ ಎಂಬ ನೆರಿಗೆಬಟ್ಟೆಯ ಬಿಲ್ಲೆ. ಕೋನಿನ ಹೊರ ಅಂಚನ್ನು ಚೌಕಟ್ಟಿಗೆ ತಗುಲಿಸಿರುವುದು ಸರೌಂಡ್ ಎಂಬ ಮೆದು ಪಟ್ಟಿ. ಕೋನಿನ ನಡುವೆ, ಸಂದಿನೊಳಕ್ಕೆ ಧೂಳು ಬೀಳದಂತೆ, ಒಂದು ಟೋಪಿ. ಹೊರಗಿನ ತಿರುಪಿನಿಂದ ಕೋನಿಗೆ ವಿದ್ಯುತ್ತನ್ನು ಒಯ್ಯುವುವು ಜಡೆಯಂತೆ ಹೆಣೆದ ಎರಡು ಮೆದು ತಂತಿಗಳು. ಸಂದಿನಲ್ಲಿ ಸುರುಳಿಗೂ ಗೋಡೆಗೂ ಇರುವ ಅಂತರ ಒಂದು ಮಿಲಿಮೀಟರಿಗಿಂತ ಕಡಿಮೆ. ಸ್ಪೀಕರಿನ ಬಹುಪಾಲು ರೋಗಗಳ ಮೂಲ ಈ ಕೂದಲೆಳೆಯ ಅಂತರದಲ್ಲಿದೆ.

ಸಾವಿನ ಎರಡು ದಾರಿ

ಸ್ಪೀಕರು ಶಾಖದಿಂದ ಸಾಯುತ್ತದೆ, ಇಲ್ಲವೇ ಏಟಿನಿಂದ ಸಾಯುತ್ತದೆ. ನಾವು ಕೊಡುವ ವಿದ್ಯುಚ್ಛಕ್ತಿಯಲ್ಲಿ ಧ್ವನಿಯಾಗುವ ಪಾಲು ಬಹಳ ಸ್ವಲ್ಪ. ನೂರು ವ್ಯಾಟಿನಲ್ಲಿ ಕೆಲವೇ ವ್ಯಾಟುಗಳು. ಉಳಿದುದೆಲ್ಲ ಸುರುಳಿಯಲ್ಲಿ ಶಾಖವಾಗುತ್ತದೆ. ಜೋರಾಗಿ ದುಡಿಯುವ ಸುರುಳಿ ಎರಡು ನೂರು ಡಿಗ್ರಿ ಸೆಂಟಿಗ್ರೇಡನ್ನು ದಾಟುವುದುಂಟು. ತಾಮ್ರದ ರೋಧ ಒಂದೊಂದು ಡಿಗ್ರಿಗೂ ಶೇಕಡ ೦.೩೯ರಷ್ಟು ಏರುವುದರಿಂದ, ತಣ್ಣಗಿದ್ದಾಗ ೬ ಓಮ್ ತೋರುವ ಸುರುಳಿ ೨೦೦ ಡಿಗ್ರಿ ಹೆಚ್ಚು ಕಾದಾಗ ಸುಮಾರು ೧೦.೭ ಓಮ್ ಆಗುತ್ತದೆ. ಆಗ ಅದು ಆಂಪ್ಲಿಫೈಯರಿನಿಂದ ಮೊದಲಿನಷ್ಟು ಶಕ್ತಿಯನ್ನು ಎಳೆದುಕೊಳ್ಳಲಾರದು, ಧ್ವನಿ ಕುಗ್ಗುತ್ತದೆ. ಧ್ವನಿ ಕುಗ್ಗಿತೆಂದು ವಾದಕನು ಗುಂಡಿಯನ್ನು ಇನ್ನಷ್ಟು ತಿರುಗಿಸುತ್ತಾನೆ. ಸುರುಳಿ ಇನ್ನಷ್ಟು ಕಾಯುತ್ತದೆ. ಕೊನೆಗೆ ಸುತ್ತುಗಳನ್ನು ಹಿಡಿದಿದ್ದ ಅಂಟು ಮೆತ್ತಗಾಗಿ ತಂತಿ ಬಿಚ್ಚಿಕೊಂಡು ಗೋಡೆಗೆ ಉಜ್ಜುತ್ತದೆ, ಅಥವಾ ಸುಟ್ಟು ತುಂಡಾಗುತ್ತದೆ.

ಸಣ್ಣ ಆಂಪ್ಲಿಫೈಯರಿನಿಂದ ಸ್ಪೀಕರಿಗೆ ಅಪಾಯವಿಲ್ಲವೆಂಬ ನಂಬಿಕೆಯೂ ಸರಿಯಲ್ಲ. ಶಕ್ತಿ ಮೀರಿ ದುಡಿಸಿದ ಆಂಪ್ಲಿಫೈಯರು ಅಲೆಯ ನೆತ್ತಿಯನ್ನು ಕತ್ತರಿಸಿ ಚಪ್ಪಟೆ ಮಾಡುತ್ತದೆ. ಒಂದೇ ಎತ್ತರದ ನುಣುಪಾದ ಅಲೆಗಿಂತ ಪೂರ್ತಿ ಚೌಕವಾದ ಅಲೆಯಲ್ಲಿ ಎರಡರಷ್ಟು ಶಕ್ತಿಯಿರುವುದರಿಂದ, ನೂರು ವ್ಯಾಟಿನದೆಂಬ ಆಂಪ್ಲಿಫೈಯರು ಹೀಗೆ ಹಿಂಸೆಪಟ್ಟಾಗ ಇನ್ನೂರರ ಹತ್ತಿರಕ್ಕೆ ಹೋಗಬಲ್ಲುದು.

ಏಟಿನ ಸಾವು ಬೇರೆ ರೀತಿಯದು. ಅತಿ ತಗ್ಗಿನ ಸ್ವರದಲ್ಲಿ ಕೋನು ಮಿತಿಮೀರಿ ಆಡಿದಾಗ ಸುರುಳಿಯ ಕೊಳವೆ ಹಿಂದಿನ ಲೋಹಕ್ಕೆ ಬಡಿದು ಮುದುಡುತ್ತದೆ. ಕೋನು ಅಂಚಿನಲ್ಲಿ ಸೀಳುತ್ತದೆ. ಸ್ಪೈಡರಿನ ಅಂಟು ಬಿಡುತ್ತದೆ. ಲಕ್ಷಾಂತರ ಸಲ ಬಾಗಿ ಬಾಗಿ ಜಡೆತಂತಿ ತುಂಡಾಗುತ್ತದೆ. ರಂಧ್ರವಿರುವ ಪೆಟ್ಟಿಗೆಗಳಲ್ಲಿ ಅಪಾಯ ಹೆಚ್ಚು. ಪೆಟ್ಟಿಗೆಯನ್ನು ಶ್ರುತಿಮಾಡಿರುವ ಸ್ವರಕ್ಕಿಂತ ಕೆಳಗೆ ಇಳಿದಾಗ ಒಳಗಿನ ಗಾಳಿ ಕೋನಿಗೆ ಆಸರೆ ಕೊಡುವುದಿಲ್ಲ.

ಮೊದಲು ನಿದಾನ, ಆಮೇಲೆ ಚಿಕಿತ್ಸೆ

ತಿರುಪುಳಿ ಹಿಡಿಯುವುದಕ್ಕೆ ಮೊದಲು ದೋಷ ನಿಜವಾಗಿಯೂ ಸ್ಪೀಕರಿನದೇ ಎಂದು ಖಚಿತಮಾಡಿಕೊಳ್ಳಬೇಕು. ಸಡಿಲವಾದ ಹಿಡಿಕೆ, ಜಾಲರಿ, ಪೆಟ್ಟಿಗೆಯ ಒಂದು ತಿರುಪು ಇವು ಕೂಡ ಕೆಟ್ಟ ಸ್ಪೀಕರಿನಂತೆಯೇ ಗೊರಗುಟ್ಟಬಲ್ಲುವು. ಬೇರೆ ಕೇಬಲನ್ನು ಹಾಕಿ ನೋಡಬೇಕು. ಅದೇ ಆಂಪ್ಲಿಫೈಯರನ್ನು ಬೇರೊಂದು ಪೆಟ್ಟಿಗೆಗೆ ಜೋಡಿಸಿ ಮೆಲ್ಲಗೆ ನುಡಿಸಿ ನೋಡಬೇಕು. ಇಲ್ಲಿ ಒಂದು ಎಚ್ಚರಿಕೆ: ವಾಲ್ವುಗಳುಳ್ಳ ಆಂಪ್ಲಿಫೈಯರನ್ನು ಸ್ಪೀಕರಿಲ್ಲದೆ ಎಂದಿಗೂ ನುಡಿಸಕೂಡದು. ಹೊರೆ ಇಲ್ಲದಾಗ ಅದರ ಟ್ರಾನ್ಸ್‌ಫಾರ್ಮರಿನಲ್ಲಿ ಏಳುವ ಭಾರಿ ವೋಲ್ಟೇಜು ಅದನ್ನೇ ಸುಟ್ಟುಹಾಕಬಹುದು. ಆ ನಷ್ಟ ಸ್ಪೀಕರಿನ ಬೆಲೆಯನ್ನು ಮೀರೀತು.

ಆಂಪ್ಲಿಫೈಯರನ್ನು ಹಚ್ಚಿದ ಕೂಡಲೆ ಕೋನು ಒಮ್ಮೆಗೆ ಮುಂದಕ್ಕೋ ಹಿಂದಕ್ಕೋ ಜಿಗಿದು ಅಲ್ಲೇ ನಿಂತರೆ, ತಕ್ಷಣ ಆರಿಸಿಬಿಡಬೇಕು. ಕೆಟ್ಟ ಟ್ರಾನ್ಸಿಸ್ಟರ್ ಆಂಪ್ಲಿಫೈಯರು ಹೀಗೆ ಒಂದೇ ದಿಕ್ಕಿನ ವಿದ್ಯುತ್ತನ್ನು ಸುರುಳಿಗೆ ಸುರಿಯುವುದುಂಟು. ಅದನ್ನು ಸರಿಪಡಿಸದೆ ಎಷ್ಟು ಹೊಸ ಸ್ಪೀಕರುಗಳನ್ನು ಹಾಕಿದರೂ ಅಷ್ಟೂ ಸುಡುತ್ತವೆ.

ದೋಷ ಸ್ಪೀಕರಿನದೇ ಎಂದು ತೋರಿದಮೇಲೆ ಮೂರು ಸುಲಭ ಪರೀಕ್ಷೆಗಳಿವೆ. ಪೆಟ್ಟಿಗೆಯ ತಂತಿಗಳನ್ನು ಸ್ಪೀಕರಿನಿಂದ ಬಿಡಿಸಿ, ಮೀಟರಿನಿಂದ ಅದರ ರೋಧವನ್ನು ಅಳೆಯುವುದು ಮೊದಲನೆಯದು. ೮ ಓಮಿನದೆಂದು ಹೆಸರಿಸಿದ ಆರೋಗ್ಯವಾದ ಸ್ಪೀಕರು ಮೀಟರಿನಲ್ಲಿ ಸುಮಾರು ೬ ಓಮ್ ತೋರಿಸುತ್ತದೆ. ಮೀಟರು ಏನನ್ನೂ ತೋರದಿದ್ದರೆ ದಾರಿ ಎಲ್ಲೋ ತುಂಡಾಗಿದೆ. ಸೊನ್ನೆಯ ಹತ್ತಿರ ನಿಂತರೆ ಸುರುಳಿಯ ಸುತ್ತುಗಳು ಒಂದಕ್ಕೊಂದು ಕೂಡಿಕೊಂಡಿವೆ. ಎರಡನೆಯದು, ಒಂದೂವರೆ ವೋಲ್ಟಿನ ಟಾರ್ಚ್ ಸೆಲ್ಲನ್ನು ಕ್ಷಣಮಾತ್ರ ಮುಟ್ಟಿಸುವುದು. ಕೋನು ಒಮ್ಮೆ ಆಡಬೇಕು, ಸಣ್ಣ ಟಪ್ಪೆಂಬ ಸದ್ದು ಬರಬೇಕು. ಮೂರನೆಯದು ಬೆರಳುಗಳ ಪರೀಕ್ಷೆ. ಕೋನಿನ ಮೇಲೆ ಎರಡು ಕೈಗಳ ಬೆರಳುಗಳನ್ನು ಸುತ್ತಲೂ ಸಮನಾಗಿ ಇಟ್ಟು, ಮೆಲ್ಲಗೆ ಒಳಕ್ಕೆ ಒತ್ತಿ ಬಿಡಬೇಕು. ಮರಳು ತಿಕ್ಕಿದಂಥ ಸದ್ದು ಕೇಳಿದರೆ ಸುರುಳಿ ಗೋಡೆಗೆ ಉಜ್ಜುತ್ತಿದೆಯೆಂದು ಅರ್ಥ. ಸದ್ದಿಲ್ಲದೆ ಆಡಿದರೆ ಸುರುಳಿ ಬಹುಶಃ ಉಳಿದಿದೆ. ಸೀಳು, ಬಿಟ್ಟ ಟೋಪಿ, ತುಂಡು ತಂತಿ ಇವುಗಳನ್ನು ಹುಡುಕಬೇಕು.

ಅನೇಕ ಸ್ಪೀಕರುಗಳ ಪೆಟ್ಟಿಗೆಯಲ್ಲಿ ಜೋಡಣೆಯನ್ನೂ ಗಮನಿಸಬೇಕು. ಸಾಲುಜೋಡಣೆಯಲ್ಲಿ ಒಂದರ ಸುರುಳಿ ತುಂಡಾದರೆ ಅದರ ಜೊತೆಗಾರನೂ ಮೂಕವಾಗುತ್ತದೆ. ಸತ್ತಂತಿರುವ ಎರಡರಲ್ಲಿ ನಿಜವಾಗಿ ಸತ್ತಿರುವುದು ಒಂದೇ ಆಗಿರಬಹುದು.

ಸಣ್ಣ ಗಾಯಗಳು

ಕೆಲವು ಗಾಯಗಳಿಗೆ ಖರ್ಚು ಅತ್ಯಲ್ಪ. ಜಡೆತಂತಿ ತುಂಡಾಗಿದ್ದರೆ ಅಂಥದೇ ಮೆದುವಾದ ಹೊಸ ತಂತಿಯನ್ನು ಬೆಸುಗೆ ಹಾಕಿದರೆ ಸಾಕು. ಸಾಮಾನ್ಯ ತಂತಿಯನ್ನು ಹಾಕಬಾರದು. ಅದು ಕೆಲವೇ ದಿನಗಳಲ್ಲಿ ಮುರಿಯುತ್ತದೆ. ಧೂಳಿನ ಟೋಪಿ, ಕೋನಿನ ಹೊರ ಅಂಚು ಇವು ಬಿಟ್ಟುಕೊಂಡಿದ್ದರೆ ಮತ್ತೆ ಅಂಟಿಸಬಹುದು.

ಕೋನಿನಲ್ಲಿ ಸಣ್ಣ ಸೀಳಿದ್ದರೆ, ತೆಳುವಾದ ಟಿಷ್ಯೂ ಕಾಗದದ ತುಂಡನ್ನು ನೀರು ಬೆರೆಸಿದ ಬಿಳಿ ಅಂಟಿನಲ್ಲಿ ನೆನಸಿ, ಸೀಳಿನ ಎರಡು ಕಡೆಯೂ ಹಚ್ಚಿ ಒಣಗಲು ಬಿಡುವುದು ಹಳೆಯ, ನಂಬಿಕಸ್ತ ವಿಧಾನ. ತೇಪೆ ಹಗುರವಾಗಿರಬೇಕು. ಗಟ್ಟಿಯಾದ ರಾಳದ ಅಂಟನ್ನು ಮೆತ್ತಿದರೆ ಅಲ್ಲಿ ಕೋನು ಬಿರುಸಾಗಿ, ಅದರ ಪಕ್ಕದಲ್ಲೇ ಮತ್ತೆ ಸೀಳುತ್ತದೆ. ನಡುವಿನಿಂದ ಅಂಚಿಗೆ ಹೋಗುವ ನೇರ ಸೀಳು ಹೀಗೆ ವರ್ಷಗಟ್ಟಲೆ ಬಾಳಬಹುದು. ಆದರೆ ಸರೌಂಡಿನ ಗುಂಟ ಸುತ್ತಿಕೊಂಡು ಹೋಗುವ ಸೀಳು ಪ್ರತಿ ಸ್ವರದಲ್ಲೂ ಬಾಗುವ ಸ್ಥಳದಲ್ಲಿರುವುದರಿಂದ ತೇಪೆಗೆ ನಿಲ್ಲುವುದು ಅಪರೂಪ.

ಹೊಸ ಕೋನ್ ಹಾಕಿಸುವುದು

ಸುರುಳಿ ಸುಟ್ಟಿದ್ದರೆ ಅಥವಾ ಉಜ್ಜುತ್ತಿದ್ದರೆ ತೇಪೆಯ ಮಾತಿಲ್ಲ. ಆಗ ಉಳಿಯುವ ದುರಸ್ತಿ ಒಂದೇ: ಕೋನು, ಸುರುಳಿ, ಸ್ಪೈಡರು, ಸರೌಂಡು, ಟೋಪಿ ಎಲ್ಲವನ್ನೂ ಕತ್ತರಿಸಿ ತೆಗೆದು, ಹಳೆಯ ಚೌಕಟ್ಟು ಮತ್ತು ಅಯಸ್ಕಾಂತಗಳ ಮೇಲೆ ಹೊಸ ಸಲಕರಣೆಯನ್ನು ಕೂರಿಸುವುದು. ಕುಶಲಿಯಾದ ಕೆಲಸಗಾರನು ಸಂದಿನಲ್ಲಿ ಸಿಕ್ಕಿದ ಕಬ್ಬಿಣದ ಪುಡಿಯನ್ನು ಅಂಟುಪಟ್ಟಿಯಿಂದ ಎತ್ತಿ ತೆಗೆಯುತ್ತಾನೆ. ಹೊಸ ಸುರುಳಿ ಸಂದಿನ ನಡುವೆ ನಿಲ್ಲುವಂತೆ ತೆಳು ಹಾಳೆಗಳನ್ನು ಒಳಗೆ ತುರುಕುತ್ತಾನೆ. ಎಲ್ಲವನ್ನೂ ಅಂಟಿಸಿ, ಪೂರ್ತಿ ಒಣಗಿದ ಮೇಲೆ ಹಾಳೆಗಳನ್ನು ಎಳೆದು, ಕಡೆಗೆ ಟೋಪಿಯನ್ನು ಮುಚ್ಚುತ್ತಾನೆ. ನಮ್ಮ ಊರುಗಳಲ್ಲಿ ಜಾತ್ರೆಗೂ ಸಭೆಗೂ ಧ್ವನಿವರ್ಧಕ ಒದಗಿಸುವವರ ಸ್ಪೀಕರುಗಳಿಗೆ ಕೋನ್ ಹಾಕಿಕೊಡುವವರಿಗೆ ಈ ಕೈಚಳಕ ಹೊಸದಲ್ಲ.

ಆದರೆ ಕೈಚಳಕವೊಂದೇ ಸಾಲದು. ಸಲಕರಣೆ ಯಾವುದು ಎಂಬುದು ಅದಕ್ಕಿಂತ ಮುಖ್ಯ. ಆಸ್ಟ್ರೇಲಿಯದ ನೆವಿಲ್ ಥೀಲ್ ೧೯೬೧ರಲ್ಲಿಯೂ, ರಿಚರ್ಡ್ ಸ್ಮಾಲ್ ೧೯೭೦ರ ದಶಕದ ಆರಂಭದಲ್ಲಿಯೂ ಪ್ರಕಟಿಸಿದ ಲೇಖನಗಳು ಒಂದು ಸಂಗತಿಯನ್ನು ಸ್ಥಿರಪಡಿಸಿದುವು. ತಗ್ಗು ಸ್ವರಗಳಲ್ಲಿ ಸ್ಪೀಕರಿನ ನಡತೆಯನ್ನು ಕೆಲವೇ ಅಂಕಿಗಳು ನಿರ್ಧರಿಸುತ್ತವೆ: ಆಡುವ ಭಾಗದ ತೂಕ, ಅದನ್ನು ಹಿಡಿದಿರುವ ಬಟ್ಟೆಯ ಬಿಗಿತ, ಅಯಸ್ಕಾಂತದ ಹಿಡಿತ ಇತ್ಯಾದಿ. ಪೆಟ್ಟಿಗೆಯ ಗಾತ್ರವನ್ನೂ ರಂಧ್ರವನ್ನೂ ಈ ಅಂಕಿಗಳಿಗೆ ಹೊಂದಿಸಿಯೇ ಕಟ್ಟುತ್ತಾರೆ. ಬೇರೆ ಯಾವುದೋ ಕೋನನ್ನು ಹಾಕಿ ಆಡುವ ಭಾಗದ ತೂಕ ಶೇಕಡ ೨೦ ಹೆಚ್ಚಾದರೆ, ಸ್ಪೀಕರಿನ ಸಹಜ ಕಂಪನಸಂಖ್ಯೆ ಸುಮಾರು ಶೇಕಡ ೯ ಇಳಿಯುತ್ತದೆ. ಬಿಗಿತವೂ ಬದಲಾದರೆ ಲೆಕ್ಕ ಇನ್ನಷ್ಟು ತಪ್ಪುತ್ತದೆ. ಹಳೆಯ ಚೌಕಟ್ಟಿನ ಮೇಲೆ ಆಗ ಇರುವುದು ಹೊಸದೊಂದು ಸ್ಪೀಕರು. ಅದು ಆ ಪೆಟ್ಟಿಗೆಗೆ ಒಗ್ಗುವುದೋ ಇಲ್ಲವೋ ಅದೃಷ್ಟಕ್ಕೆ ಬಿಟ್ಟ ವಿಷಯ. ಆದ್ದರಿಂದ ತಯಾರಕರೇ ಕೊಡುವ ಸಲಕರಣೆ ದೊರೆತರೆ ಕೋನ್ ಹಾಕಿಸುವುದು ಉತ್ತಮ. ಸಮೀಪದ ಸಲಕರಣೆಯಾದರೆ ಯೋಚಿಸಬೇಕು. ‘ಅಳತೆ ಹೊಂದುತ್ತದೆ’ ಎಂಬ ಒಂದೇ ಕಾರಣಕ್ಕೆ ಹಾಕುವುದಾದರೆ ಬಿಡುವುದೇ ಲೇಸು.

ದುರಸ್ತಿಗೆ ಒಗ್ಗದ ರೋಗಗಳೂ ಇವೆ. ಪೆಟ್ಟಿಗೆ ಎತ್ತರದಿಂದ ಬಿದ್ದಾಗ, ಅಂಟಿನಿಂದ ಕೂರಿಸಿದ ಭಾರವಾದ ಫೆರೈಟ್ ಅಯಸ್ಕಾಂತ ಒಂದು ಕಡೆಗೆ ಜರುಗಿ ಸಂದು ಮುಚ್ಚಿಹೋಗುವುದುಂಟು. ಅದನ್ನು ಮತ್ತೆ ನಡುವಿಗೆ ತರುವುದು ಕಾರ್ಖಾನೆಯ ಕೆಲಸ. ಚೌಕಟ್ಟು ಸೊಟ್ಟಗಾಗಿದ್ದರೆ, ಸಂದಿನಲ್ಲಿ ತುಕ್ಕು ಹಿಡಿದಿದ್ದರೆ ಹೊಸ ಕೋನೂ ಬಾಳದು. ೧೯೮೦ರ ದಶಕದ ಮೊದಲ ವರ್ಷಗಳಲ್ಲಿ ಜಪಾನ್ ಮತ್ತು ಅಮೆರಿಕಗಳಲ್ಲಿ ರೂಪುಗೊಂಡ ನಿಯೋಡಿಮಿಯಂ ಅಯಸ್ಕಾಂತ ಹಗುರವೂ ಬಲವೂ ಉಳ್ಳದ್ದು. ಆದರೆ ಅತಿಯಾದ ಶಾಖದಲ್ಲಿ ತನ್ನ ಶಕ್ತಿಯನ್ನು ಕಳೆದುಕೊಳ್ಳಬಲ್ಲುದು. ಸುರುಳಿ ಕರಕಲಾದ ಅಂಥ ಸ್ಪೀಕರಿನಲ್ಲಿ ಅಯಸ್ಕಾಂತವನ್ನೂ ಪರೀಕ್ಷಿಸಬೇಕು.

ಹೊಸದನ್ನು ಆರಿಸುವಾಗ

ಬದಲಾಯಿಸುವುದೇ ಸರಿಯೆಂದಾದರೆ, ಅಂಗುಲದ ಅಳತೆ ಹೊಂದಿದ ಮಾತ್ರಕ್ಕೆ ಕೊಂಡುಬಿಡಬಾರದು. ಮೊದಲು ಓಮ್ ಹೊಂದಬೇಕು. ೮ ಓಮಿನ ಎರಡು ಸ್ಪೀಕರುಗಳನ್ನು ಸಮಾಂತರವಾಗಿ ಜೋಡಿಸಿದಾಗ ಒಟ್ಟು ೪ ಓಮ್. ಅವುಗಳ ಜಾಗದಲ್ಲಿ ೪ ಓಮಿನ ಎರಡನ್ನು ಹಾಕಿದರೆ ಒಟ್ಟು ೨ ಓಮಿಗೆ ಇಳಿದು, ಆಂಪ್ಲಿಫೈಯರು ತಾಳಲಾರದ ಪ್ರವಾಹವನ್ನು ಕೊಡಬೇಕಾಗುತ್ತದೆ. ಆಮೇಲೆ ಶಕ್ತಿಯ ಅಂಕಿ, ಪೆಟ್ಟಿಗೆಯ ಗಾತ್ರಕ್ಕೆ ಒಗ್ಗುವ ಗುಣ, ಸಂವೇದನಶೀಲತೆ. ಈ ಕಡೆಯದನ್ನು ಬಹುಮಂದಿ ಮರೆಯುತ್ತಾರೆ. ಹೊಸ ಸ್ಪೀಕರು ಹಳೆಯದಕ್ಕಿಂತ ೩ ಡೆಸಿಬೆಲ್ ಮಂದವಾಗಿದ್ದರೆ, ಮೊದಲಿನಷ್ಟೇ ಧ್ವನಿಗೆ ಆಂಪ್ಲಿಫೈಯರಿನ ಶಕ್ತಿ ಎರಡರಷ್ಟು ಬೇಕು.

ನಾಲ್ಕರಲ್ಲಿ ಒಂದು ಕೆಟ್ಟಿದ್ದರೆ ಕಷ್ಟ ಹೆಚ್ಚು. ಉಳಿದ ಮೂರಕ್ಕೆ ಹೋಲದ ನಾಲ್ಕನೆಯದು ತನ್ನ ಪಾಲಿನ ಹೊರೆಯನ್ನು ಸಮನಾಗಿ ಹೊರುವುದಿಲ್ಲ. ಅಂಥದೇ ಮಾದರಿ ಸಿಕ್ಕದಿದ್ದಾಗ, ಆ ಒಂದಕ್ಕೆ ಸರಿಯಾದ ಸಲಕರಣೆಯಿಂದ ಕೋನ್ ಹಾಕಿಸುವುದೇ ನಾಲ್ಕನ್ನೂ ಬದಲಾಯಿಸುವುದಕ್ಕಿಂತ ಅಗ್ಗ. ಹೊಸದನ್ನು ಜೋಡಿಸುವಾಗ ಧನ–ಋಣ ತುದಿಗಳು ಅದಲುಬದಲಾಗದಂತೆ ಟಾರ್ಚ್ ಸೆಲ್ಲಿನಿಂದ ನೋಡಿಕೊಳ್ಳಬೇಕು. ಮೂರು ಕೋನುಗಳು ಮುಂದಕ್ಕೆ ನೂಕುವಾಗ ನಾಲ್ಕನೆಯದು ಹಿಂದಕ್ಕೆ ಸೆಳೆದರೆ ಮಂದ್ರವೆಲ್ಲ ಸೋರಿಹೋಗುತ್ತದೆ.

ಹಳೆಯ ಸ್ಪೀಕರುಗಳ ಮಾತು

೧೯೫೦ರ ದಶಕದ ಬಾಸ್‌ಮನ್ನಿನಂಥ ಆಂಪ್ಲಿಫೈಯರಿನಲ್ಲಿ ಹುಟ್ಟಿನಿಂದ ಇದ್ದ ಸ್ಪೀಕರು ಕೆಟ್ಟರೆ ನ್ಯಾಯ ಬೇರೆಯಾಗುತ್ತದೆ. ಅದರ ಚೌಕಟ್ಟಿನ ಮೇಲೆ ಒತ್ತಿದ ಅಂಕಿಗಳೇ ಅದರ ಜಾತಕ. ೨೨೦ ಎಂದು ಮೊದಲಾದರೆ ಜೆನ್ಸೆನ್ ಸಂಸ್ಥೆಯದು, ೬೭ ಎಂದಾದರೆ ೧೯೬೬ರಲ್ಲಿ ಆರಂಭವಾದ ಎಮಿನೆನ್ಸ್ ಸಂಸ್ಥೆಯದು. ಮುಂದಿನ ಅಂಕಿಗಳು ತಯಾರಾದ ವರ್ಷ ಮತ್ತು ವಾರಗಳನ್ನು ಹೇಳುತ್ತವೆ. ಆ ಕಾಲದ ಅನೇಕ ಸ್ಪೀಕರುಗಳ ಅಯಸ್ಕಾಂತ ಅಲ್ನಿಕೊ. ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್ ಮತ್ತು ಕಬ್ಬಿಣಗಳ ಮಿಶ್ರಲೋಹ. ೧೯೭೮ರಲ್ಲಿ, ಇಂದು ಕಾಂಗೊ ಎನಿಸಿರುವ ಅಂದಿನ ಜಾಯಿರಿನಲ್ಲಿ ಗಲಭೆಯೆದ್ದು ಕೋಬಾಲ್ಟಿನ ಬೆಲೆ ಗಗನಕ್ಕೇರಿದಾಗ, ಅದಾಗಲೇ ಅಗ್ಗದ ಫೆರೈಟಿನತ್ತ ವಾಲಿದ್ದ ತಯಾರಕರು ಅಲ್ನಿಕೊವನ್ನು ಬಹುಮಟ್ಟಿಗೆ ಕೈಬಿಟ್ಟರು.

ಇಂಥ ಸ್ಪೀಕರಿನ ಮೂಲ ಕೋನನ್ನು ಒಮ್ಮೆ ಕತ್ತರಿಸಿದರೆ ಮತ್ತೆ ಬಾರದು. ತೇಪೆಯಿಂದ ನಿಲ್ಲುವುದಾದರೆ ತೇಪೆಯೇ ಸಾಕು. ಇಲ್ಲವಾದರೆ ಮೂರನೆಯ ದಾರಿಯೊಂದುಂಟು: ಹಳೆಯದನ್ನು ಕಳಚಿ, ಧೂಳು ಹೋಗದಂತೆ ಸುತ್ತಿ ಜೋಪಾನವಾಗಿಡುವುದು, ದಿನದ ದುಡಿಮೆಗೆ ಹೊಸದೊಂದನ್ನು ಅದೇ ತಿರುಪುಗಳ ಮೇಲೆ ಕೂರಿಸುವುದು. ಇದರಿಂದ ಆಂಪ್ಲಿಫೈಯರಿನ ಬೆಲೆಯೂ ಉಳಿಯುತ್ತದೆ, ಸಂಗೀತವೂ ನಡೆಯುತ್ತದೆ.

ಏಕೆ ಕೆಟ್ಟಿತು?

ಇಷ್ಟೆಲ್ಲ ನೋಡಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ತೀರ್ಮಾನಕ್ಕೆ ಅದೇ ಕೀಲಿಕೈ. ಸ್ಪೀಕರು ಏಕೆ ಕೆಟ್ಟಿತು? ವಯಸ್ಸಿನಿಂದ, ಅಥವಾ ಒಂದು ಅಪಘಾತದಿಂದ ಕೆಟ್ಟಿದ್ದರೆ ದುರಸ್ತಿ ನ್ಯಾಯವಾದದ್ದು. ಹಿಂದಿನಂತೆಯೇ ಅದು ಮತ್ತೆ ಬಾಳೀತು. ಹೊರಲಾರದ ಹೊರೆಯಿಂದ ಕೆಟ್ಟಿದ್ದರೆ, ಅದೇ ಕೋನು ಅದೇ ಸುರುಳಿಗಳನ್ನು ಮತ್ತೆ ಹಾಕಿಸುವುದೆಂದರೆ ಅದೇ ಸಾವಿಗೆ ಎರಡನೆಯ ಸಲ ಹಣ ಕೊಟ್ಟಂತೆ. ಅಲ್ಲಿ ಬೇಕಾದದ್ದು ಹೆಚ್ಚು ಆಡಬಲ್ಲ, ಹೆಚ್ಚು ಶಾಖ ತಾಳಬಲ್ಲ ಸ್ಪೀಕರು, ಅಥವಾ ಇನ್ನೊಂದು ಪೆಟ್ಟಿಗೆ. ಕಿವಿಗೆ ಕೇಳದೆ ಕೋನನ್ನು ಮಾತ್ರ ಕುಣಿಸುವ ೩೦ ಕಂಪನಗಳಿಗಿಂತ ಕೆಳಗಿನ ಭಾಗವನ್ನು ಸೋಸಿ ತೆಗೆಯುವ ಸಣ್ಣ ಉಪಕರಣವೂ ಬಹಳ ಸ್ಪೀಕರುಗಳ ಆಯುಸ್ಸನ್ನು ಹೆಚ್ಚಿಸುತ್ತದೆ.

ಹೀಗೆ ಕ್ರಮವಾಗಿ ಕೇಳುತ್ತ ಹೋದರೆ ಉತ್ತರ ತಾನಾಗಿ ದೊರೆಯುತ್ತದೆ. ದೋಷ ಸ್ಪೀಕರಿನದೇ? ಸುರುಳಿ ಉಳಿದಿದೆಯೇ? ಉಳಿದಿದ್ದರೆ ತೇಪೆ, ತಂತಿ, ಅಂಟು. ಸುರುಳಿ ಹೋಗಿದ್ದು, ಅಯಸ್ಕಾಂತ ಚೌಕಟ್ಟುಗಳು ನೆಟ್ಟಗಿದ್ದರೆ, ತಯಾರಕರ ಸಲಕರಣೆಯಿದೆಯೇ? ಇದ್ದರೆ ಅದರ ಬೆಲೆ, ಕೂಲಿ, ಭಾರವಾದ ಸ್ಪೀಕರನ್ನು ಕಳುಹಿಸಿ ತರಿಸುವ ಖರ್ಚು ಎಲ್ಲವನ್ನೂ ಕೂಡಿಸಿ, ತಕ್ಕ ಹೊಸ ಸ್ಪೀಕರಿನ ಬೆಲೆಯೊಡನೆ ಹೋಲಿಸಬೇಕು. ಎರಡೂ ಹೆಚ್ಚುಕಡಿಮೆ ಸಮವಾಗಿದ್ದರೆ ಹೊಸದೇ ಲೇಸು. ಏಕೆಂದರೆ ಅದಕ್ಕೆ ತಯಾರಕರ ಹೊಣೆ ಇರುತ್ತದೆ. ದುರಸ್ತಿಯ ಖರ್ಚು ಬಹಳ ಕಡಿಮೆಯಿದ್ದರೆ, ಅಥವಾ ಆ ದನಿಗೆ ಸಮನಾದುದು ಅಂಗಡಿಯಲ್ಲಿ ಸಿಕ್ಕದಿದ್ದರೆ, ದುರಸ್ತಿಯೇ ಲೇಸು. ಯಾವುದನ್ನು ಆರಿಸಿಕೊಂಡರೂ, ಮೊದಲ ಗೊರಗು ಕೇಳಿದ ದಿನವೇ ನುಡಿಸುವುದನ್ನು ನಿಲ್ಲಿಸಿ ಪರೀಕ್ಷಿಸಿದವನಿಗೆ ಖರ್ಚು ಅತ್ಯಂತ ಕಡಿಮೆ. ಒಂದು ಸಂಜೆಯ ತೇಪೆಯಿಂದ ಮುಗಿಯಬಹುದಾದ ಗಾಯವನ್ನು ಒಂದು ತಿಂಗಳ ಉದಾಸೀನ ಹೊಸ ಸ್ಪೀಕರಿನ ಬೆಲೆಗೆ ಏರಿಸಿಬಿಡುತ್ತದೆ.